ಮಳೆಗಾಲದಲ್ಲಿ ಮನೆಯ ಕೋವಿ

(ಮುಂಗಾರಿಗೆ ಮುಂಚೆ ಮಲೆನಾಡಿನ ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮುಂಗಾರು ಹತ್ತಿರ ಬಂದಿದೆ. ಬೀಜ, ಗೊಬ್ಬರ, ಮೈಲುತುತ್ತ, ಕಂಬಳಿ, ಸೌದೆ ಎಲ್ಲವನ್ನೂ ತಾವು ಸಿದ್ಧಮಾಡಿಕೊಳ್ಳುತ್ತಿದ್ದೀರಿ. ಈ ಸಿದ್ಧತೆಯಲ್ಲಿ ಅನೇಕರು ಮರೆಯುವ ವಸ್ತು ಒಂದಿದೆ. ಅದು ಮನೆಯ ಕೋವಿ. ಗದ್ದೆಗೆ ಹಂದಿ ಬರುತ್ತದೆ, ತೋಟಕ್ಕೆ ಮಂಗ ಬರುತ್ತದೆ. ಅವನ್ನು ಬೆದರಿಸಿ ಓಡಿಸಲು ಬೆಳೆ ರಕ್ಷಣೆಯ ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಮನೆಗಳು ನಮ್ಮ ಹಳ್ಳಿಗಳಲ್ಲಿ ಹಲವು ಇವೆ. ನೇಗಿಲು, ಗುದ್ದಲಿ, ಕತ್ತಿಗಳಂತೆ ಅದೂ ಬೇಸಾಯದ ಮನೆಯ ಒಂದು ಕಬ್ಬಿಣದ ಸಾಮಾನೇ. ಆದರೆ ಗುದ್ದಲಿಗೆ ತುಕ್ಕು ಹಿಡಿದರೆ ಕೆಲಸ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೆ. ಕೋವಿಗೆ ತುಕ್ಕು ಹಿಡಿದರೆ ಕೈ ಹೋಗಬಹುದು, ಕಣ್ಣು ಹೋಗಬಹುದು. ಆದುದರಿಂದ ಈ ದಿನ ಆ ವಿಷಯವನ್ನೇ ಮಾತನಾಡೋಣವೆಂದು ಬಂದಿದ್ದೇನೆ.

ಕೋವಿ ಹಿಡಿದು ನಡೆಯುವುದರಲ್ಲಿ ಇಲ್ಲಿರುವ ಹಿರಿಯರ ಅನುಭವ ನನಗಿಲ್ಲ. ನಾನು ಹೇಳುವುದು ಕಬ್ಬಿಣ, ನೀರು, ಉಪ್ಪು ಈ ಮೂರರ ಸಂಗತಿ. ಅದು ಬೇಸಾಯದ ಪಾಠದಲ್ಲಿಯೂ ಬರುವಂಥದೇ.

ತುಕ್ಕು ಎಂದರೇನು?

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗಲಿದಾಗ ಅದು ನಿಧಾನವಾಗಿ ಬೇರೊಂದು ವಸ್ತುವಾಗಿ ಮಾರ್ಪಡುತ್ತದೆ. ಆ ಕೆಂಪು ಪುಡಿಯೇ ತುಕ್ಕು. ತಾಮ್ರದ ಪಾತ್ರೆಯ ಮೇಲೆ ಕಟ್ಟುವ ಕಿಲುಬು ಒಂದು ಪದರವಾಗಿ ಒಳಗಿನ ತಾಮ್ರವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗಲ್ಲ. ಅದು ಸಡಿಲವಾಗಿ, ಹುರುಪೆ ಹುರುಪೆಯಾಗಿ ಏಳುತ್ತದೆ. ಹಂಜಿಯ ಹಾಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಅಡಿಯಲ್ಲಿ ಮತ್ತೆ ಹೊಸ ತುಕ್ಕು ಹುಟ್ಟುತ್ತದೆ. ಹೀಗೆ ಕೆಳಕ್ಕೆ ಕೆಳಕ್ಕೆ ತಿನ್ನುತ್ತಾ ಹೋಗಿ ಕೊನೆಗೆ ಅಲ್ಲೊಂದು ಗುಳಿ ಮಾಡುತ್ತದೆ. ನೀರಿನಲ್ಲಿ ಉಪ್ಪಿನ ಅಂಶ ಸೇರಿದರೆ ಈ ಕೆಲಸ ಮತ್ತಷ್ಟು ಬೇಗ ಆಗುತ್ತದೆ.

ಕೋವಿಯ ಮೇಲೆ ಮಳೆ ಬೀಳಲೇಬೇಕೆಂದಿಲ್ಲ. ಗಾಳಿಯಲ್ಲಿರುವ ತೇವವೇ ಸಾಕು. ಗಾಳಿಯ ತೇವಾಂಶ ನೂರಕ್ಕೆ ಸುಮಾರು 60 ದಾಟಿದರೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಏರುತ್ತದೆ. ನಮ್ಮಲ್ಲಿ ಆಷಾಢ ಶ್ರಾವಣಗಳಲ್ಲಿ ಅದು 80, 90 ಆಗಿರುವುದು ದಿನದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಆ ಮಳೆಯ ಬಹುಭಾಗ ಜೂನಿನಿಂದ ಸೆಪ್ಟೆಂಬರಿನ ಒಳಗೇ ಬೀಳುತ್ತದೆ. ಮನೆಯೊಳಗೆ ಚಪ್ಪಲಿಗೆ ಬೂಷ್ಟು ಬರುವ ಕಾಲದಲ್ಲಿ ಗೋಡೆಗೆ ತೂಗುಹಾಕಿದ ಕೋವಿ ಮಾತ್ರ ಹೊಳೆಯುತ್ತಿರಲಿ ಎಂದರೆ ಆಗುವುದಿಲ್ಲ.

ಹಾಗಾದರೆ ಉಪಾಯವೇನು? ಗಾಳಿಯನ್ನು ತಡೆಯುವುದು ನಮ್ಮಿಂದಾಗದು. ಆದರೆ ಎರಡು ಕೆಲಸ ಮಾಡಬಹುದು. ಕೋವಿಯ ಜೊತೆಗೆ ತೇವವನ್ನೂ ಉಪ್ಪನ್ನೂ ಒಳಗಿಟ್ಟು ಮುಚ್ಚದಿರುವುದು ಒಂದು. ಕಬ್ಬಿಣದ ಮೇಲೆ ತೆಳ್ಳಗೆ ಎಣ್ಣೆಯ ಪದರ ಇಡುವುದು ಇನ್ನೊಂದು. ನಾನು ಮುಂದೆ ಹೇಳುವುದೆಲ್ಲ ಈ ಎರಡರ ವಿವರಣೆ ಮಾತ್ರ.

ಮೊದಲು ಕೋವಿ ಖಾಲಿ ಇದೆಯೇ ನೋಡಿ

ಒರೆಸುವ ಮಾತಿಗೆ ಮುಂಚೆ ಒಂದು ಮಾತು. ಕೋವಿಯನ್ನು ಕೈಗೆ ತೆಗೆದುಕೊಂಡ ಕೂಡಲೆ ಅದರ ಬಾಯಿ ಯಾರ ಕಡೆಗೂ ಇರಬಾರದು. ಮರದ ಗೋಡೆಯ ಆಚೆ ಜನರಿರುವ ಕಡೆಗೂ ಇರಬಾರದು. ತೋಟಾಕೋವಿಯಾದರೆ ಮಡಚಿ ತೆರೆದು, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಕೇಪಿನ ಕೋವಿಯಲ್ಲಿ ಹೀಗೆ ತೆರೆದು ನೋಡಲು ಬರುವುದಿಲ್ಲ. ಅದಕ್ಕೆ ಹಳಬರ ಉಪಾಯವೇ ಒಳ್ಳೆಯದು. ಕೋವಿ ಖಾಲಿ ಇದೆಯೆಂದು ಖಚಿತವಾಗಿ ಗೊತ್ತಿರುವಾಗ ಗಜವನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗುರುತು ಕೆತ್ತಿ ಇಡಿ. ಮುಂದೆ ಯಾವಾಗ ಗಜ ಇಳಿಸಿದರೂ ಆ ಗುರುತು ಬಾಯಿಯ ಮಟ್ಟಕ್ಕೆ ಬರಬೇಕು. ಗುರುತು ಎರಡು ಮೂರು ಬೆರಳು ಮೇಲೇ ನಿಂತರೆ ಒಳಗೆ ಈಡು ಇದೆ, ಇಲ್ಲವೆ ಏನೋ ಕಸ ಕಟ್ಟಿಕೊಂಡಿದೆ ಎಂದೇ ತಿಳಿಯಿರಿ. ಆಗ ಕೇಪು ಇದ್ದರೆ ತೆಗೆದುಬಿಡಿ. ಒಳಗಿನ ಈಡನ್ನು ಮನೆಯಲ್ಲಿ ಕೆದಕಲು ಹೋಗಬೇಡಿ. ಲೈಸೆನ್ಸು ಇರುವ ಕೋವಿ ದುರಸ್ತಿಗಾರರಿಂದಲೇ ತೆಗೆಸಿ.

ಮಳೆಗಾಲದಲ್ಲಿ "ಯಾವಾಗ ಹಂದಿ ಬರುತ್ತದೋ" ಎಂದು ಈಡು ತುಂಬಿಯೇ ಗೋಡೆಗೆ ನಿಲ್ಲಿಸುವ ರೂಢಿ ಕೆಲವು ಕಡೆ ಇದೆ. ಅದರಿಂದ ಮನೆಯ ಮಕ್ಕಳಿಗೆ ಅಪಾಯವೆಂಬುದನ್ನು ತಾವು ಬಲ್ಲಿರಿ. ತುಕ್ಕಿನ ದೃಷ್ಟಿಯಿಂದಲೂ ಅದು ಕೆಟ್ಟದ್ದು. ತೇವ ಹೀರಿದ ಮದ್ದು ವಾರಗಟ್ಟಲೆ ನಳಿಗೆಯ ತಳಕ್ಕೆ ಅಂಟಿಕೊಂಡಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಸಿಡಿಯುವಾಗ ಎಲ್ಲಕ್ಕಿಂತ ಹೆಚ್ಚು ಒತ್ತಡ ಬೀಳುವ ಜಾಗವೂ ಅದೇ. ತುಕ್ಕು ತಿಂದು ಅಲ್ಲಿ ನಳಿಗೆ ಬಲ ಕಳೆದುಕೊಂಡಿದ್ದರೆ ಒಂದು ದಿನ ಅದು ಸೀಳಬಹುದು. ಕೇಪು ಕೂರುವ ನಿಪ್ಪಲಿನ ತಿರುಪು ತುಕ್ಕಿನಿಂದ ಸಡಿಲವಾಗಿದ್ದರೆ ನಿಪ್ಪಲೇ ಕಿತ್ತು ಹಾರಬಹುದು. ಕಣ್ಣು ಇರುವುದು ಅದರ ಹಿಂದೆಯೇ ಎಂಬುದನ್ನು ಮರೆಯಬಾರದು.

ಮದ್ದಿನ ಮಸಿಯೇ ಮೊದಲ ಶತ್ರು

ಕೇಪಿನ ಕೋವಿಗೆ ಉಪಯೋಗಿಸುವ ಮಸಿಮದ್ದಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತದೆ. ಇದು ಉರಿದಾಗ ಪೂರ್ತಿಯಾಗಿ ಹೊಗೆಯಾಗಿ ಹೋಗುವುದಿಲ್ಲ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಮಸಿಯಾಗಿ ಉಳಿಯುತ್ತದೆ; ಸ್ವಲ್ಪ ಹೊಗೆಯೊಡನೆ ಹಾರುತ್ತದೆ, ಸ್ವಲ್ಪ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆ ಮಸಿಯಲ್ಲಿ ಪೊಟ್ಯಾಸಿಯಂನ ಲವಣಗಳಿರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆಯೋ ಹಾಗೆಯೇ ಈ ಮಸಿಯೂ ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಹಳೆಯ ತರದ ಕೇಪುಗಳಲ್ಲಿ ಉರಿದ ಮೇಲೆ ಅಡಿಗೆ ಉಪ್ಪಿನ ಜಾತಿಯದೇ ಒಂದು ಲವಣವೂ ಉಳಿಯುತ್ತದೆ.

ಇಲ್ಲಿ ಎಲ್ಲರೂ ಗಮನಿಸಬೇಕಾದ ಸಂಗತಿ ಒಂದಿದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಮಾತ್ರ ಕರಗುತ್ತದೆ. ಈಡು ಹಾರಿಸಿದ ಮೇಲೆ ನಳಿಗೆಗೆ ಎಣ್ಣೆ ಹಾಕಿ ಒರೆಸಿಟ್ಟರೆ ಹೊರಗೆ ಹೊಳಪು ಬಂದಂತೆ ಕಾಣುತ್ತದೆ. ಆದರೆ ಉಪ್ಪು ಎಣ್ಣೆಯ ಅಡಿಯಲ್ಲಿ ಹಾಗೆಯೇ ಉಳಿದು ಕಬ್ಬಿಣವನ್ನು ತಿನ್ನುತ್ತಿರುತ್ತದೆ. "ಎಣ್ಣೆ ಹಾಕಿದ್ದೆ, ಆದರೂ ತುಕ್ಕು ಹಿಡಿಯಿತು" ಎಂಬ ಮಾತಿಗೆ ಅನೇಕ ವೇಳೆ ಕಾರಣ ಇದೇ. ಆದುದರಿಂದ ಕೇಪಿನ ಕೋವಿಯನ್ನು ಮೊದಲು ನೀರಿನಿಂದ ತೊಳೆಯಬೇಕು, ಆಮೇಲೆ ಒಣಗಿಸಬೇಕು, ಕೊನೆಗೆ ಎಣ್ಣೆ ಹಾಕಬೇಕು. ಈ ಕ್ರಮ ತಪ್ಪಬಾರದು.

ತೊಳೆಯುವ ಬಗೆ ಹೀಗೆ. ಸೋಪು ಕದಡಿದ ಬಿಸಿನೀರನ್ನು ಬಾಯಿಯ ಕಡೆಯಿಂದ ನಿಧಾನವಾಗಿ ಸುರಿಯಿರಿ. ನಿಪ್ಪಲಿನ ಸಣ್ಣ ತೂತಿನಿಂದ ನೀರು ಹೊರಬರಬೇಕು. ಬಾರದಿದ್ದರೆ ಆ ತೂತು ಕಟ್ಟಿದೆ ಎಂದು ತಿಳಿಯುತ್ತದೆ. ಮರದ ಹಿಡಿಗೆ ನೀರು ಇಳಿಯದಂತೆ ಒಂದು ಬಟ್ಟೆ ಸುತ್ತಿಕೊಳ್ಳಿ. ಗಜದ ತುದಿಗೆ ಹಳೆಯ ಪಂಚೆಯ ತುಂಡನ್ನು ಭದ್ರವಾಗಿ ಸುತ್ತಿ, ನಳಿಗೆಯೊಳಗೆ ಮೇಲೆ ಕೆಳಗೆ ಆಡಿಸಿ. ಬಟ್ಟೆ ಕಪ್ಪಾದ ಹಾಗೆ ಬದಲಾಯಿಸುತ್ತಾ, ಬೆಳ್ಳಗೆ ಹೊರಬರುವವರೆಗೆ ಮುಂದುವರಿಸಿ. ಕೊನೆಗೆ ಸೋಪಿಲ್ಲದ, ಕೈ ಸುಡುವಷ್ಟು ಬಿಸಿಯಾದ ನೀರನ್ನು ಒಮ್ಮೆ ಸುರಿದು ಬಸಿಯಿರಿ. ಕಬ್ಬಿಣ ಕಾದಿರುವುದರಿಂದ ಉಳಿದ ನೀರು ತಾನಾಗಿ ಆರುತ್ತದೆ. ಮೇಲೆ ಎರಡು ಮೂರು ಒಣ ಬಟ್ಟೆ ಆಡಿಸಿ, ಬಾಯಿ ಕೆಳಗಾಗಿ ಸ್ವಲ್ಪ ಹೊತ್ತು ನಿಲ್ಲಿಸಿ. ಪೂರ್ತಿ ಒಣಗಿದ ಬಳಿಕ ಎಣ್ಣೆಯ ಬಟ್ಟೆ ಆಡಿಸಿ. ಈ ಕೆಲಸವನ್ನು ಮರುದಿನಕ್ಕೆ ಬಿಡಬಾರದು. ಈಡು ಹಾರಿಸಿದ ದಿನವೇ ಊಟಕ್ಕೆ ಕೂರುವ ಮುಂಚೆ ಮುಗಿಸಬೇಕು.

ತೋಟಾಕೋವಿಯ ಈಗಿನ ತೋಟಾಗಳಲ್ಲಿರುವುದು ಹೊಗೆ ಕಡಮೆಯ ಬೇರೆ ಮದ್ದು. ಅದರ ಶೇಷ ಇಷ್ಟು ಕ್ರೂರವಲ್ಲ. ಆ ಕೋವಿಯನ್ನು ನೀರಿನಲ್ಲಿ ತೊಳೆಯುವ ಅಗತ್ಯವಿಲ್ಲ. ಅದರ ಯಂತ್ರದೊಳಗೆ ನೀರು ಹೋಗಲೂಬಾರದು. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ, ದೀಪ ಒಲೆಗಳಿಂದ ದೂರದಲ್ಲಿ ಕುಳಿತು, ನಳಿಗೆಯ ಮಸಿ ತೆಗೆದು, ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಎಣ್ಣೆ ಹಾಕಿದರೆ ಸಾಕು. ಸೀಮೆಎಣ್ಣೆ ಕೊಳೆ ತೆಗೆಯಲು ಒಳ್ಳೆಯದು, ಕಾಯಲು ಅಲ್ಲ. ಅದು ಆರಿಹೋಗುತ್ತದೆ, ಆರಿದ ಮೇಲೆ ಕಬ್ಬಿಣ ಬರಿಮೈಯಲ್ಲಿ ಉಳಿಯುತ್ತದೆ.

ಯಾವ ಎಣ್ಣೆ, ಎಷ್ಟು?

ಮನೆಯಲ್ಲಿ ಕೊಬ್ಬರಿ ಎಣ್ಣೆ ಇರುತ್ತದೆ, ಹರಳೆಣ್ಣೆ ಇರುತ್ತದೆ. ಕೈಗೆ ಸಿಕ್ಕಿದ್ದನ್ನು ಹಚ್ಚುವುದು ರೂಢಿ. ಗುದ್ದಲಿಗೆ ಅದು ನಡೆದೀತು, ಕೋವಿಗೆ ಸಲ್ಲದು. ಬೀಜಗಳಿಂದ ತೆಗೆದ ಎಣ್ಣೆಗಳು ಗಾಳಿಗೆ ಕನರಿಹೋಗುತ್ತವೆ; ಹಲವು ಅಂಟಾಗುತ್ತವೆ. ಕನರಿದ ಎಣ್ಣೆಯಲ್ಲಿ ಹುಳಿ ಅಂಶ ಹುಟ್ಟಿ ಲೋಹವನ್ನು ತಿನ್ನುತ್ತದೆ. ಅಂಟಾದ ಎಣ್ಣೆ ಕೀಲುಗಳನ್ನು ಹಿಡಿದುಬಿಡುತ್ತದೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಯಲ್ಲಿ ಸೀಸೆಯಲ್ಲಿಯೇ ಗಟ್ಟಿಯಾಗುವ ಎಣ್ಣೆ ಕೋವಿಯ ಕುದುರೆಯ ಕೀಲಿನಲ್ಲಿ ಗಟ್ಟಿಯಾಗದೆ ಇದ್ದೀತೆ? ಟ್ರಾಕ್ಟರಿನಿಂದ ಬಸಿದ ಹಳೆಯ ಎಂಜಿನ್ ಎಣ್ಣೆಯೂ ಬೇಡ. ಅದರಲ್ಲಿ ಮಸಿ, ನೀರು, ಆಮ್ಲ ಎಲ್ಲ ಬೆರೆತಿರುತ್ತವೆ.

ಹೊಲಿಗೆ ಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ. ಅದು ಸಾಕು. ಕೋವಿಯ ಎಣ್ಣೆಯೆಂದೇ ಮಾರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಎಣ್ಣೆಯನ್ನು ಸುರಿಯಬಾರದು, ಬಟ್ಟೆಗೆ ನಾಲ್ಕು ಹನಿ ಹಾಕಿ ಉಜ್ಜಿದರೆ ಆಯಿತು. ಮುಟ್ಟಿದರೆ ಬೆರಳಿಗೆ ಜಿಡ್ಡು ತಿಳಿಯಬೇಕು, ಕಣ್ಣಿಗೆ ಹನಿ ಕಾಣಬಾರದು. ಹೆಚ್ಚಾದ ಎಣ್ಣೆ ಇಳಿದು ಮರದ ಹಿಡಿಯೊಳಗೆ ಇಂಗಿ ಮರವನ್ನು ಮೆದುಮಾಡುತ್ತದೆ. ಮೂರು ನಾಲ್ಕು ತಿಂಗಳು ಮುಟ್ಟುವುದೇ ಇಲ್ಲವೆಂದಾದರೆ ಹೊರಮೈಗೆ ತೆಳ್ಳಗೆ ವ್ಯಾಸಲೀನ್ ಸವರಬಹುದು. ಆದರೆ ಮತ್ತೆ ಕೋವಿ ಉಪಯೋಗಿಸುವ ಮುಂಚೆ ನಳಿಗೆಯ ಒಳಗಿನ ಎಣ್ಣೆ, ಜಿಡ್ಡು ಎಲ್ಲವನ್ನೂ ಒಣ ಬಟ್ಟೆಯಿಂದ ತೆಗೆಯಲೇಬೇಕು. ಉಳಿದ ಎಣ್ಣೆ ಮದ್ದನ್ನು ಕೆಡಿಸುತ್ತದೆ. ದಪ್ಪ ಜಿಡ್ಡು ಈಡಿಗೆ ಅಡ್ಡಿಯಾಗುತ್ತದೆ.

ಕೈಯ ಬೆವರಿನಲ್ಲಿಯೂ ಉಪ್ಪಿದೆ. ಮನೆಗೆ ಬಂದ ನೆಂಟರು ಕೋವಿಯನ್ನು ಮುಟ್ಟಿ ನೋಡಿ ಇಟ್ಟರೆ, ಕೆಲವು ದಿನಗಳಲ್ಲಿ ಅವರ ಬೆರಳಿನ ಗುರುತೇ ತುಕ್ಕಾಗಿ ಮೂಡುವುದುಂಟು. ಆದುದರಿಂದ ಒಳಗಿಡುವ ಮುಂಚೆ ಕೊನೆಯ ಕೆಲಸವಾಗಿ ಎಣ್ಣೆಬಟ್ಟೆಯಿಂದ ಹೊರಮೈಯನ್ನೆಲ್ಲ ಒಮ್ಮೆ ಸವರಿ, ಆಮೇಲೆ ಮರದ ಹಿಡಿಯನ್ನು ಮಾತ್ರ ಹಿಡಿದು ಇಡಿ.

ಎಲ್ಲಿ ಇಡಬೇಕು, ಎಲ್ಲಿ ಇಡಬಾರದು?

ಬೆಲೆಬಾಳುವ ಕೋವಿಯೆಂದು ಅದನ್ನು ಚರ್ಮದ ಚೀಲದಲ್ಲಿಯೋ ದಪ್ಪ ಬಟ್ಟೆಯ ಗವಸಿನಲ್ಲಿಯೋ ಸುತ್ತಿಡುತ್ತೇವೆ. ಮಗುವಿಗೆ ಹೊದಿಸಿದಂತೆ ಹೊದಿಸುತ್ತೇವೆ. ಆದರೆ ಬಟ್ಟೆಯೂ ಚರ್ಮವೂ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತವೆ. ಚರ್ಮದಲ್ಲಿ ಹದಮಾಡಿದಾಗಿನ ಉಪ್ಪು, ಹುಳಿಗಳ ಅಂಶವೂ ಉಳಿದಿರಬಹುದು. ಚೀಲ ಇರುವುದು ದಾರಿಯಲ್ಲಿ ಒಯ್ಯುವುದಕ್ಕೆ, ಮನೆಯಲ್ಲಿ ಇಡುವುದಕ್ಕಲ್ಲ. ಬಾಯಿಗೆ ಬಟ್ಟೆಯ ಬಿರಡೆ ತುರುಕುವುದೂ ಬೇಡ. ಒಳಗಿನ ತೇವ ಒಳಗೇ ಉಳಿಯುತ್ತದೆ. ಬಿರಡೆ ತೆಗೆಯಲು ಮರೆತು ಕೋವಿ ಹಾರಿಸಿದರೆ ನಳಿಗೆ ಒಡೆಯುತ್ತದೆ.

ಮಣ್ಣಿನ ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಗೋಡೆಯೇ ನೀರು ಹೀರಿರುತ್ತದೆ. ಹಾಗೆಂದು ಒಲೆಯ ಮೇಲಿನ ಅಟ್ಟವೂ ತಕ್ಕ ಜಾಗವಲ್ಲ. ಬೀಜದ ತೆನೆ, ಮೆಣಸು, ಸೌದೆ ಅಲ್ಲಿ ಬೆಚ್ಚಗೆ ಒಣಗುತ್ತವೆ, ನಿಜ. ಆದರೆ ಸೌದೆಯ ಹೊಗೆಯಲ್ಲಿ ಹುಳಿ ಅಂಶವಿದೆ. ಅದು ಕಬ್ಬಿಣದ ಮೇಲೆ ಕೂತು ತುಕ್ಕಿಗೆ ದಾರಿ ಮಾಡುತ್ತದೆ. ಶಾಖಕ್ಕೆ ಮರದ ಹಿಡಿ ಸೀಳುತ್ತದೆ. "ಮದ್ದು ಬೆಚ್ಚಗಿರಲಿ" ಎಂದು ಮದ್ದಿನ ಡಬ್ಬಿಯನ್ನೂ ಕೇಪನ್ನೂ ಒಲೆಯ ಹತ್ತಿರ ಇಡುವುದಂತೂ ಮನೆಯನ್ನೇ ಸುಡುವ ಕೆಲಸ. ಮದ್ದು, ಕೇಪು, ತೋಟಾಗಳು ಬೆಂಕಿಯಿಂದ ದೂರ, ಕೋವಿಯಿಂದ ಬೇರೆ, ಬೀಗದ ಪೆಟ್ಟಿಗೆಯಲ್ಲಿರಲಿ.

ಇನ್ನೊಂದು ಕೆಟ್ಟ ಜಾಗ ಗೊಬ್ಬರದ ಕೋಣೆ. ಕಳ್ಳರ ಕಣ್ಣಿಗೆ ಬೀಳದಿರಲೆಂದು ಮೂಟೆಗಳ ಹಿಂದೆ ಕೋವಿ ಇಡುವವರು ಇದ್ದಾರೆ. ನಾವು ಹಾಕುವ ಪೊಟಾಷ್ ಗೊಬ್ಬರ ಹೆಚ್ಚಾಗಿ ಒಂದು ಬಗೆಯ ಉಪ್ಪೇ. ಯೂರಿಯಾ ತೇವವನ್ನು ಎಳೆಯುತ್ತದೆ. ಮೈಲುತುತ್ತದ ಗುಣವನ್ನು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಿದಾಗ ಒಂದು ಕತ್ತಿಯನ್ನು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಆ ಕೆಂಪು ಕೂತಷ್ಟಕ್ಕೂ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿದೆ ಎಂದು ಅರ್ಥ. ಮೈಲುತುತ್ತದ ಧೂಳು ಕೂತ ಕೋವಿಗೆ ತೇವ ತಗಲಿದರೆ ಆಗುವುದೂ ಅದೇ.

ಒಳಗೋಡೆಯ ಬದಿಯಲ್ಲಿ, ನೆಲದಿಂದ ಎತ್ತರದಲ್ಲಿ, ಬೀಗವಿರುವ ಕಬ್ಬಿಣದ ಬೀರು ಅತ್ಯಂತ ಒಳ್ಳೆಯ ಜಾಗ. ಬೀರುವಿನ ಹಿಂಬದಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಗಾಳಿ ಆಡಲಿ. ಕೋವಿಯನ್ನು ಬಾಯಿ ಕೆಳಗೆ ಮಾಡಿ ಒಂದು ಮರದ ಹಲಗೆಯ ಮೇಲೆ ನಿಲ್ಲಿಸಿದರೆ ಎಣ್ಣೆ ಮರದ ಹಿಡಿಗೆ ಇಳಿಯುವುದಿಲ್ಲ. ಬೀರುವಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಬಟ್ಟೆಯ ಪುಟ್ಟ ಚೀಲದಲ್ಲಿಡಿ. ಬಣ್ಣದ ಹರಳಾದರೆ ತೇವ ತುಂಬಿದಾಗ ನೀಲಿ ಹೋಗಿ ನಸುಗೆಂಪಾಗುತ್ತದೆ; ಹದವಾದ ಶಾಖದಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ, ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ ವಸ್ತು; ಆದುದರಿಂದ ಅಡಿಗೆಯ ಬಾಣಲೆಯಲ್ಲಿ ಹುರಿಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಇದರ ಬದಲು ಸುಟ್ಟ ಸುಣ್ಣದ ಕಲ್ಲು ಇಡಬಹುದೇ ಎಂದು ಕೆಲವರು ಕೇಳುತ್ತಾರೆ. ಸುಣ್ಣ ತೇವ ಹೀರುವುದು ನಿಜ. ಆದರೆ ಹೀರಿದಂತೆ ಅದು ಬಿಸಿಯಾಗಿ, ಉಬ್ಬಿ, ಪುಡಿಯಾಗಿ ಎಲ್ಲೆಡೆ ಹರಡುತ್ತದೆ. ಕೋವಿಯ ಬೀರುವಿಗೆ ಅದು ಬೇಡ.

ಮಾಗಿಯ ಚಳಿಯಲ್ಲಿಯೂ ಒಂದು ಎಚ್ಚರಿಕೆ ಬೇಕು. ತಣ್ಣೀರು ತುಂಬಿದ ಹಿತ್ತಾಳೆ ಚೆಂಬಿನ ಹೊರಮೈ ಬೆವರುವುದನ್ನು ನೋಡಿದ್ದೀರಿ. ಇಬ್ಬನಿಯಲ್ಲಿ ರಾತ್ರಿಯೆಲ್ಲ ಗದ್ದೆ ಕಾದು ತಂದ ತಣ್ಣನೆಯ ಕೋವಿ ಬೆಚ್ಚಗಿನ ಮನೆಯೊಳಗೆ ಬಂದಾಗ ಹಾಗೆಯೇ ಬೆವರುತ್ತದೆ. ನಳಿಗೆಯ ಒಳಗೂ ಬೆವರುತ್ತದೆ. ಕೂಡಲೆ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಆ ನೀರೂ ಒಳಗೇ ಉಳಿಯುತ್ತದೆ. ಈಡು ತೆಗೆದ ಕೋವಿಯನ್ನು, ತಾವು ಎದುರಿಗೇ ಇದ್ದು, ಅರ್ಧ ಗಂಟೆ ಹೊರಗಿಟ್ಟು ಮನೆಯ ಹದಕ್ಕೆ ಬಂದ ಮೇಲೆ ಒಳಗೂ ಹೊರಗೂ ಒರೆಸಿ, ಎಣ್ಣೆ ಸವರಿ ಇಡಿ.

ಯಾವಾಗ ಯಾವಾಗ ನೋಡಬೇಕು?

ಒಮ್ಮೆ ಎಣ್ಣೆ ಹಾಕಿ ದೀಪಾವಳಿಗೆ ತೆಗೆದರಾಯಿತು ಎಂದು ಬಿಡಬಾರದು. ಮುಂಗಾರಿಗೆ ಮುಂಚೆ ಒಮ್ಮೆ ಪೂರ್ತಿಯಾಗಿ ಶುಚಿಮಾಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೊರತೆಗೆದು ನೋಡಿ, ಒರೆಸಿ, ಹೊಸ ಎಣ್ಣೆ ಸವರಿ. ಅಮಾವಾಸ್ಯೆ ಹುಣ್ಣಿಮೆಗಳನ್ನು ಗುರುತಾಗಿ ಇಟ್ಟುಕೊಂಡರೆ ನೆನಪು ತಪ್ಪುವುದಿಲ್ಲ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ಆದರೆ ಬೇಸಿಗೆಯಲ್ಲಿ ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜದ ಹುಳವಿದೆ. ಆ ಗೂಡು ತೇವವನ್ನು ಹಿಡಿಯುತ್ತದೆ. ನೋಡದೆ ಹಾರಿಸಿದರೆ ನಳಿಗೆ ಒಡೆಯುತ್ತದೆ. ಉಪಯೋಗಿಸುವ ಮುಂಚೆ ನಳಿಗೆ ತೆರಪಾಗಿದೆಯೇ ಎಂದು ಪ್ರತಿಸಲವೂ ಪರೀಕ್ಷಿಸತಕ್ಕದ್ದು. ತೋಟಾಕೋವಿಯನ್ನು ತೆರೆದು ನೋಡಿ, ಕೇಪಿನ ಕೋವಿಗೆ ಗಜ ಇಳಿಸಿ ನೋಡಿ.

ಕೊಡಗಿನಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಮುಹೂರ್ತ ಬರುತ್ತದೆ. ಕೋವಿ ಕತ್ತಿಗಳನ್ನು ಶುಚಿಮಾಡಿ, ತೋಕ್ ಪೂ ಎಂಬ ಹೂವಿಟ್ಟು ಪೂಜಿಸುತ್ತಾರೆ. ನಮ್ಮಲ್ಲಿ ನವರಾತ್ರಿಯ ಆಯುಧಪೂಜೆ ಇದೆ. ಮಳೆ ಇಳಿಯುವ ಹೊತ್ತಿಗೆ ಆಯುಧಗಳನ್ನು ಹೊರತೆಗೆದು ನೋಡುವಂತೆ ಹಿರಿಯರು ಮಾಡಿದ ಏರ್ಪಾಡು ಎಷ್ಟು ಉಪಯುಕ್ತವಾದದ್ದು! ಆದರೆ ಪೂಜೆಯಾದ ಮೇಲೆ ಹೂವಿನ ನೀರು, ಕುಂಕುಮ, ಎಳನೀರಿನ ಹನಿ ಕೋವಿಯ ಮೇಲೆ ಉಳಿಯದಂತೆ ನೋಡಿಕೊಳ್ಳಬೇಕು. ಆ ಸಂಜೆಯೇ ಭಕ್ತಿಯಿಂದ ಒರೆಸಿ ಎಣ್ಣೆ ಸವರಿದರೆ ಪೂಜೆಗೆ ಕುಂದೇನೂ ಇಲ್ಲ.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬರುವುದುಂಟು. ವಾರಗಟ್ಟಲೆ ಅದು ನಮ್ಮ ಕೈಯಲ್ಲಿರುವುದಿಲ್ಲ. ಅಲ್ಲಿ ನೂರಾರು ಕೋವಿಗಳ ನಡುವೆ ಒಂದೊಂದನ್ನೂ ಒರೆಸುವವರು ಯಾರು? ಒಪ್ಪಿಸುವ ಹಿಂದಿನ ದಿನವೇ ಪೂರ್ತಿ ಶುಚಿಮಾಡಿ, ಎಂದಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸವರಿ, ನಂಬರನ್ನು ಬರೆದುಕೊಂಡು, ರಸೀತಿ ಪಡೆದು ಒಪ್ಪಿಸಿ. ಮರಳಿ ತಂದ ದಿನವೇ ಮತ್ತೆ ಒರೆಸಿ ನೋಡಿ.

ತುಕ್ಕು ಕಂಡರೆ?

ಮೇಲೆ ಮೇಲೆ ಕೆಂಪು ಧೂಳಿನ ಹಾಗೆ ಕಂಡರೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಒರಟು ಬಟ್ಟೆಯಿಂದ ಉಜ್ಜಿದರೆ ಸಾಮಾನ್ಯವಾಗಿ ಹೋಗುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಬೇಕಿಲ್ಲ. ಇಟ್ಟಿಗೆ ಪುಡಿ, ಉಪ್ಪುಕಾಗದ, ಹುಣಿಸೆಹುಳಿ ಇವು ಬೇಡ. ಪುಡಿ ಮತ್ತು ಕಾಗದಗಳು ತುಕ್ಕಿನ ಜೊತೆಗೆ ಕೋವಿಯ ಕಪ್ಪು ಬಣ್ಣದ ಪದರವನ್ನೂ ಕೆರೆದುಬಿಡುತ್ತವೆ. ಆ ಪದರ ಹೋದ ಕಡೆ ತುಕ್ಕು ಮತ್ತೂ ಬೇಗ ಹಿಡಿಯುತ್ತದೆ. ಹುಳಿ ತುಕ್ಕನ್ನು ತೆಗೆದು, ಆಮೇಲೆ ಕಬ್ಬಿಣವನ್ನೇ ತಿನ್ನಲು ಶುರುಮಾಡುತ್ತದೆ.

ತುಕ್ಕು ತೆಗೆದ ಮೇಲೆ ಗುಳಿ ಕಂಡರೆ, ನಳಿಗೆ ಎಲ್ಲಾದರೂ ಉಬ್ಬಿದ್ದರೆ, ನಿಪ್ಪಲು ಅಲುಗಾಡಿದರೆ, ಎತ್ತಿದ ಕುದುರೆ ನಿಲ್ಲದೆ ತಾನಾಗಿ ಬಿದ್ದರೆ ಆ ಕೋವಿಯನ್ನು ಹಾರಿಸಬಾರದು. "ಇದೊಂದು ಸಲ" ಎನ್ನುವುದೂ ಬೇಡ. ಲೈಸೆನ್ಸು ಇರುವ ದುರಸ್ತಿಗಾರರಿಗೆ ತೋರಿಸಿ. ಊರಿನ ಕಮ್ಮಾರರು ಕತ್ತಿ ಗುದ್ದಲಿಯಲ್ಲಿ ಎಷ್ಟೇ ಕುಶಲರಾದರೂ, ಲೈಸೆನ್ಸು ಇಲ್ಲದೆ ಕೋವಿ ದುರಸ್ತಿ ಮಾಡಿದರೆ ಅವರಿಗೂ ತೊಂದರೆ, ನಮಗೂ ತೊಂದರೆ. ಬಾಯಿಯ ಹತ್ತಿರ ತುಕ್ಕು ತಿಂದಿದೆಯೆಂದು ನಳಿಗೆಯನ್ನು ಗರಗಸದಿಂದ ಮೋಟು ಮಾಡುವುದನ್ನಂತೂ 1959ರ ಆಯುಧ ಕಾಯಿದೆ ತಡೆದಿದೆ.

ಕೋವಿಯ ಮೇಲೆ ಕೆತ್ತಿದ ನಂಬರಿನ ವಿಷಯವೂ ಮುಖ್ಯ. ಪರವಾನಗಿ ಪುಸ್ತಕದ ನಂಬರೂ ಕೋವಿಯ ನಂಬರೂ ಒಂದೇ ಆಗಿರಬೇಕು. ತುಕ್ಕು ಆ ಅಕ್ಷರಗಳನ್ನು ತಿಂದುಬಿಟ್ಟರೆ ಕೋವಿ ನಮ್ಮದೇ ಎಂದು ತೋರಿಸುವುದು ಕಷ್ಟವಾಗುತ್ತದೆ. ಗುರುತಿನ ನಂಬರು ಅಳಿದ ಕೋವಿ ಇಟ್ಟುಕೊಳ್ಳುವುದು ಕಾನೂನಿನ ತೊಡಕಿಗೂ ದಾರಿ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದ ಬದಲು 5 ವರ್ಷವಾಯಿತು. ಐದು ವರ್ಷ ಯಾರೂ ಕೇಳುವುದಿಲ್ಲವೆಂದು ಕೋವಿಯನ್ನು ಮರೆತರೆ ನವೀಕರಣದ ಹೊತ್ತಿಗೆ ನಂಬರು ಹುಡುಕಬೇಕಾದೀತು. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ತುಕ್ಕಿನಿಂದ ಮಾತ್ರ ಯಾರಿಗೂ ವಿನಾಯಿತಿಯಿಲ್ಲ!

ಬೆಳೆ ರಕ್ಷಣೆಯ ಪರವಾನಗಿ ಇದೆಯೆಂದರೆ ಕಾಡುಪ್ರಾಣಿಗಳನ್ನು ಕೊಲ್ಲಲು ಅಪ್ಪಣೆ ಸಿಕ್ಕಿತೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎಲ್ಲರಿಗೂ ಅನ್ವಯಿಸುತ್ತದೆ ಎಂಬುದೂ ನೆನಪಿರಲಿ.

ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ಏನು ಎಲ್ಲಿದೆ, ಯಾವುದಕ್ಕೆ ಬೂಷ್ಟು ಬಂದಿದೆ ಎಂಬುದು ಮೊದಲು ತಿಳಿಯುವುದು ನಿಮಗೆ. ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ ಇದೆಯೇ, ಮದ್ದಿನ ಡಬ್ಬಿ ಒಲೆಯ ಹತ್ತಿರ ಬಂದಿದೆಯೇ ಎಂಬುದರ ಮೇಲೆ ಕಣ್ಣಿಡಿ. ಯಜಮಾನರು ಗದ್ದೆಯಿಂದ ದಣಿದು ಬಂದು ಒದ್ದೆ ಕೋವಿಯನ್ನು ಹಾಗೆಯೇ ಮೂಲೆಗೆ ಇಟ್ಟರೆ, ಬಿಸಿನೀರು ಕಾಯಿಸಿಟ್ಟು, "ಮೊದಲು ಅದನ್ನು ತೊಳೆದು ಬನ್ನಿ, ಆಮೇಲೆ ಊಟ" ಎಂದು ಹೇಳಿ. ಆ ಒಂದು ಮಾತು ಈ ನನ್ನ ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೇಕಾದ ಸಾಮಾನು ಬಹಳವಿಲ್ಲ. ಗುರುತು ಕೆತ್ತಿದ ಗಜ, ಹಳೆಯ ಪಂಚೆಯ ತುಂಡುಗಳು, ಸೋಪು, ಒಂದು ಸೀಸೆ ಹೊಲಿಗೆ ಯಂತ್ರದ ಎಣ್ಣೆ, ತೇವ ಹೀರುವ ಹರಳಿನ ಚೀಲ, ಒಂದು ಒಳ್ಳೆಯ ಬೀಗ. ಮಳೆ ಹಿಡಿಯುವ ಮುಂಚೆ ಇವನ್ನು ಒಂದು ಡಬ್ಬಿಯಲ್ಲಿ ಕೂಡಿಸಿಡಿ. ಖಾಲಿ ಮಾಡಿ, ತೊಳೆದು, ಒಣಗಿಸಿ, ಎಣ್ಣೆ ಸವರಿ, ಬೀಗ ಹಾಕಿ. ಇಷ್ಟು ಮಾಡಿದರೆ ಆ ಕೋವಿ ಬಹುಕಾಲ ಬಾಳುತ್ತದೆ. ಅದನ್ನು ಹಿಡಿಯುವ ಕೈಯೂ ಕ್ಷೇಮವಾಗಿರುತ್ತದೆ.